ಎಂಟಕ್ಕೆ ಎರಡು

ಬಂದೇನವಾಜ ಮಿಸ್ತ್ರಿ
ರೇಡಿಯೇಟರಿಗೆ ಬಾಯಿ ಹಚ್ಚಿ ಊದುತ್ತಾನೆ.
ವಿಜಯಪುರದ ಇಂಡಿ ರಸ್ತೆ, ಏಪ್ರಿಲ್, ಹನ್ನೊಂದೂ ಹೊಡೆದಿಲ್ಲ,
ತಗಡಿನ ಚಪ್ಪರದ ಕೆಳಗೆ ಕಾದ ಹಂಚಿನಂಥ ಗಾಳಿ.
ಕೆಳಬಾಯಿಗೆ ಅಂಗೈ ಒಡ್ಡಿ ಮೊಮ್ಮಗ ಕೂತಿದ್ದಾನೆ,
ಅರ್ಧ ತೂಕಡಿಕೆಯಲ್ಲಿ.
ಮಿಸ್ತ್ರಿಯ ಗಲ್ಲ ಉಬ್ಬುತ್ತವೆ, ಕುತ್ತಿಗೆಯ ನರ ಸೆಟೆಯುತ್ತದೆ.
ಬಾಯಿ ತೆಗೆದು, ತುಟಿಗೆ ಹತ್ತಿದ ತುಕ್ಕು ಒರೆಸಿ ಹೇಳುತ್ತಾನೆ:
"ಇದು ಸೊಲ್ಲಾಪುರದ ತನಕ ಓಡತೈತಿ. ಘಾಟ ಏರಂಗಿಲ್ಲ."

ಏರಲಿಲ್ಲ. ಅಂಬಾ ಘಾಟದ ಮೂರನೇ ತಿರುವಿನಲ್ಲಿ
ಹೊಗೆಯಾಡುತ್ತ ನಿಂತಿತಂತೆ.

ನಾನು ಪಾಲಿಟೆಕ್ನಿಕ್ಕಿನ ಲ್ಯಾಬಿನವಳು.
ನನ್ನ ಕೈಯಲ್ಲಿ ಬಾಗಿದ ಗಾಜಿನ ನಳಿಗೆ,
ಒಳಗೆ ಕೆಂಪು ಶಾಯಿ ಕಲಸಿದ ನೀರು, ಜೊತೆಗೊಂದು ಸಣ್ಣ ಬ್ಲೋವರು.
ಬೆಂಕಿ ಹಚ್ಚದೆ, ಹನಿ ನೀರು ಕಾಯಿಸದೆ,
ಒಳಗೆ ಹೋದ ಗಾಳಿ ಎಷ್ಟು ತಿಣುಕಿತು ಅಂತ ಅಳೆದರೆ ಸಾಕು,
ಇದು ಎಷ್ಟು ಬಿಸಿ ಕಳೆದೀತು ಅಂತ ಹೇಳಬಹುದು.
ಪುಸ್ತಕದಲ್ಲಿ ಓದಿದ್ದೆ, ಮಕ್ಕಳಿಗೆ ಹೇಳಿಕೊಟ್ಟಿದ್ದೆ.
ನಂಬಿರಲಿಲ್ಲ.

ಗೋಡೆಗೆ ಮೈ ಉಜ್ಜಿಕೊಂಡು ಹೋಗುವ ನೀರೇ
ಗೋಡೆಯೊಂದಿಗೆ ಬಿಸಿಯ ಕೊಡುಕೊಳ್ಳಿ ಮಾಡುವುದು.
ನಟ್ಟನಡುವಿನ ನೀರು
ಮದುವೆಗೆ ಬಂದ ಬೀಗರ ಹಾಗೆ
ಒಂದು ತಂಬಿಗೆ ಸರಿಸದೆ ಹೊರಟುಹೋಗುತ್ತದೆ.
ಅದಕ್ಕೇ ಮಿಸ್ತ್ರಿ ನಳಿಗೆಯೊಳಗೆ
ಸುಕ್ಕು ಹೊಡೆದ ಹಿತ್ತಾಳೆ ಪಟ್ಟಿ ತೂರಿಸುತ್ತಾನೆ:
ಬೀಗರನ್ನು ಎಬ್ಬಿಸಿ ಅಡುಗೆಮನೆಗೆ ಅಟ್ಟಲಿಕ್ಕೆ.

ಆದರೆ ದರ ಹೇಳಿದೆ ಅವನಿಗೆ:
ತಿಕ್ಕಾಟ ಎಂಟು ಪಟ್ಟು ಆದರೆ
ಶಾಖ ದಾಟುವುದು ಎರಡೇ ಪಟ್ಟು. ಘನಮೂಲದ ವ್ಯಾಪಾರ.
ಬೆಸುಗೆ ಕಡ್ಡಿಯಿಂದ ಕಣ್ಣೆತ್ತದೆ ಅಂದ:
"ಎಂಟಾಣೆ ದುಡಿತ, ಎರಡಾಣೆ ಕೂಲಿ.
ಹೊಸಾದೇನೈತ್ರೀ ಬಾಯಾರ, ಇದರಾಗ?"

ಆಮೇಲೆ ತಿಕೋಟಾದ ದ್ರಾಕ್ಷಿ ಗಾಡಿ ಬಂತು.
ಕೆಂಪು ನೀರು ಗಾಜಿನಲ್ಲಿ ಗೇಣುದ್ದ ಏರಿತು.
ನಾನು ಪೆನ್ಸಿಲು ಓಡಿಸಿದೆ,
ಇಷ್ಟು ತಿಕ್ಕಾಟ, ಅಂದರೆ ಇಷ್ಟು ಶಾಖ,
ಇಂಥ ಗಟ್ಟಿ ಕೋರು ಈ ಜಿಲ್ಲೆಯಲ್ಲೇ ಇಲ್ಲ ಅಂದೆ.
ಮಿಸ್ತ್ರಿ ನಕ್ಕ. ನಗು ಕೆಮ್ಮಾಯಿತು, ಕೆಮ್ಮು ಬಹಳ ಹೊತ್ತು ನಿಲ್ಲಲಿಲ್ಲ.
ಮೇಲಿನ ಟ್ಯಾಂಕು ಬಿಚ್ಚಿ ಬ್ಯಾಟರಿ ಬಿಟ್ಟ.

ಬೋರಿನ ಸೌಳು ನೀರು ಬಿಟ್ಟ ಸುಣ್ಣ,
ವಿಭೂತಿ ಗಟ್ಟಿಯಷ್ಟು ಬೆಳ್ಳಗೆ.
ಮೂರರಲ್ಲಿ ಎರಡು ನಳಿಗೆ ಕಟ್ಟಿಹೋಗಿದ್ದವು.
ಗಾಳಿ ತಿಣುಕಿದ್ದು ನಿಜ. ಗೋಡೆಯನ್ನು ಉಜ್ಜಿ ಅಲ್ಲ,
ಬಾಗಿಲಿಗೆ ತಲೆ ಚಚ್ಚಿಕೊಂಡು.

"ಇದು ತಿಕ್ಕಾಟ ಅಲ್ಲ ಬಾಯಾರ," ಅಂದ,
"ಇದು ಬರೇ ತಕರಾರು."

ಆ ರಾತ್ರಿ ಸಮೀಕರಣದ ಮುಂದೆ
ಪುಸ್ತಕದವರು ಇಟ್ಟಿದ್ದ ಸಣ್ಣ ಅಕ್ಷರ ನೋಡಿದೆ:
ಬಿದ್ದ ಒತ್ತಡದಲ್ಲಿ ಗೋಡೆಯ ಪಾಲು ಎಷ್ಟು ಅಂತ ಹೇಳುವ ಅಕ್ಷರ.
ಹನ್ನೊಂದು ವರ್ಷ ಅದರ ಜಾಗದಲ್ಲಿ ಒಂದು ಅಂತ ಬರೆದಿದ್ದೆ.
ಸುಲಭಕ್ಕೆ.

ಈಗ ಮಿಸ್ತ್ರಿ ಊದುವ ಹಾಗಿಲ್ಲ.
ಸೀಸದ ಹೊಗೆ, ಆಸಿಡ್ಡಿನ ಹಬೆ,
ಡಾಕ್ಟರು ಎದೆಯ ಫೋಟೋ ಬೆಳಕಿಗೆ ಹಿಡಿದು ತಲೆ ಆಡಿಸಿದರು.
ನನ್ನ ಗಾಜಿನ ನಳಿಗೆ ಅವನ ಗೂಟಕ್ಕೆ ನೇತಾಡುತ್ತದೆ.
ಮಿಲಿಮೀಟರಿನ ಪಟ್ಟಿ ಕಿತ್ತುಹಾಕಿದ್ದಾನೆ.
ಅದರ ಜಾಗದಲ್ಲಿ ಮೊಳೆಯಿಂದ ಕೊರೆದ ತನ್ನ ಗೆರೆಗಳು,
ಕೆಳಗಿನಿಂದ ಮೇಲಕ್ಕೆ: ಸಿಂದಗಿ. ಸೊಲ್ಲಾಪುರ. ಜತ್ತ.
ತುದಿಗೆ, ಬೆರಳು ಮುಟ್ಟದಷ್ಟು ಮೇಲೆ, ಘಾಟ.

ಮೊಮ್ಮಗ ಬ್ಲೋವರು ಹಚ್ಚುತ್ತಾನೆ.
ಕೆಂಪು ನೀರು ನಡುಗಿ, ಏರಿ, ನಿಲ್ಲುತ್ತದೆ.
"ದಾದಾ, ಜತ್ತ ದಾಟೇತಿ!"
ಮಿಸ್ತ್ರಿ ಕಣ್ಣು ಮುಚ್ಚಿಕೊಂಡೇ, ಚಾಪೆಯ ಮೇಲಿಂದ:
"ದಾಟ್ಲಿ. ಒಳಗ ನೋಡಿದೇನು?"

ಹುಡುಗ ಬ್ಯಾಟರಿ ಹುಡುಕುತ್ತಾನೆ.